ಬಾಗಿಲು ಹಾಕಿಕೊಂಡು ಬೇಯಿಸಿದ ರೋಸ್ಟ್

ಸಿಲಿಂಡರ್ ಬದಲಾಯಿಸುವಾಗ, ರೆಗ್ಯುಲೇಟರ್ ಕೂರಿಸುವ ಆ ಒಂದು ಕ್ಷಣದಲ್ಲಿ ‘ಸುಸ್’ ಎಂದು ಸ್ವಲ್ಪ ಗ್ಯಾಸು ಹೊರಗೆ ಬರುತ್ತದಲ್ಲ, ಆ ವಾಸನೆಗೆ ನಾನು ಇವತ್ತಿಗೂ ಬೆಚ್ಚುತ್ತೇನೆ. ಕಳೆದ ವಾರ ಕೆಂಗೇರಿಯ ಈ ಮನೆಗೆ ಸಿಲಿಂಡರ್ ತಂದಾತ, ನಾನು ಕಿಟಕಿ ಬಾಗಿಲು ಎಲ್ಲ ತೆರೆದು ಲೈಟಿನ ಸ್ವಿಚ್ಚಿಗೆ ಅಡ್ಡವಾಗಿ ನಿಂತದ್ದನ್ನು ನೋಡಿ ನಕ್ಕ. “ಏನೂ ಆಗಲ್ಲ ಮೇಡಂ, ಇಷ್ಟಕ್ಕೆಲ್ಲ ಹೆದರ್ಕೊಂಡ್ರೆ ಹೆಂಗೆ?” ಎಂದ. ಹೆದರಿಕೆ ನಿಜ, ಇಲ್ಲವೆನ್ನುವುದಿಲ್ಲ. ಆದರೆ ಅದರ ಜೊತೆಗೆ ಒಂದು ಸಿಟ್ಟೂ ಇದೆ. ಅದು ಹೊಸಹಳ್ಳಿಯ ಮನೆಯದು, ಅಲ್ಲಿ ಕಳೆದ ಒಂದು ಮಳೆಗಾಲದ್ದು. ಹೆದರಿಕೆ ಹೋದರೆ ಹೋಗಲಿ, ಆ ಸಿಟ್ಟು ಹೋಗುವುದು ನನಗೆ ಬೇಕಿಲ್ಲ.

ಆ ಜೂನ್‌ನಲ್ಲಿ ನನಗೆ ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತ್ತು. ಜ್ಞಾನಭಾರತಿಯ ಹಾಸ್ಟೆಲ್ ಬಿಟ್ಟು ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ತಾರಸಿ ರೂಮು ಹಿಡಿದೆ. ಕೆಳಗೆ ಮನೆಯ ಮಾಲೀಕರು ಗಂಗಮ್ಮ, ನಡುವಿನ ಮಹಡಿಯಲ್ಲಿ ಬಾಡಿಗೆಗಿದ್ದ ಚೌರಪ್ಪ ಮತ್ತು ಮರಿಯಮ್ಮ ದಂಪತಿ, ತಾರಸಿಯಲ್ಲಿ ನಾನು. ನನ್ನ ರೂಮಿನ ಎದುರಿಗೆ ಹಳೇ ಸಾಮಾನು ತುಂಬಿಡುವ ಒಂದು ಕೋಣೆ, ಅದರ ಪಕ್ಕ ನೀರಿನ ಟ್ಯಾಂಕು.

ಗಂಗಮ್ಮನವರದು ಹಳೇ ಊರಿನ ಒಕ್ಕಲು ಮನೆತನ. ಈಗ ಮೆಟ್ರೋ ಕಂಬ ನಿಂತಿರುವ ಕಡೆ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ. ರೂಮು ತೋರಿಸುವಾಗ ಊರು ಕೇಳಿದರು, ಆಮೇಲೆ ಜಾತಿ ಕೇಳಿದರು. ಹರಿಹರ, ಲಿಂಗಾಯತರು ಎಂದೆ. ಮುಖ ಅರಳಿತು. “ಒಳ್ಳೇದಾಯ್ತು ಬುಡವ್ವ. ಹಿಂದೆ ಇದ್ದ ಹುಡುಗ್ರು ದಿನಾ ಮೊಟ್ಟೆ ಬೇಯಿಸೋರು” ಎಂದರು. ಅವರೇ ಭಾನುವಾರ ಬಂದರೆ ಕೋಳಿ ಸಾರು ಮಾಡುತ್ತಿದ್ದರು, ಶ್ರಾವಣದಲ್ಲಿ ಮಾತ್ರ ಮುಟ್ಟುತ್ತಿರಲಿಲ್ಲ. ಅವರದೊಂದು ಮಾತಿತ್ತು. ಸಂಜೆ ಹೊತ್ತು ಬಟ್ಟೆ ಹರವಿದರೆ, “ನಂಗೇನಿಲ್ಲ ಕಣವ್ವ, ಅಕ್ಕಪಕ್ಕದೋರು ಏನಂದಾರು?” ಕಾಲೇಜಿನ ಸಹೋದ್ಯೋಗಿಯೊಬ್ಬರು ಗೇಟಿನ ಬಳಿ ನಿಂತು ಪುಸ್ತಕ ಕೊಟ್ಟುಹೋದರೆ, “ನಂಗೇನಿಲ್ಲಪ್ಪ, ಅಕ್ಕಪಕ್ಕದೋರು…” ಅವರಿಗೆ ಸ್ವಂತದ್ದೆಂಬ ಒಂದು ತಕರಾರೂ ಇರಲಿಲ್ಲ. ಇದ್ದಬದ್ದ ತಕರಾರೆಲ್ಲ ಅಕ್ಕಪಕ್ಕದವರದು.

ಚೌರಪ್ಪ ಕನಕಪುರ ಕಡೆಯ ಒಂದು ಹಳೇ ಕನ್ನಡ ಕ್ರೈಸ್ತರ ಊರಿನವರು. ಬಸ್ ಡ್ರೈವರ್ ಆಗಿ ನಿವೃತ್ತರಾದವರು. “ಕ್ಸೇವಿಯರ್ ಅಂತ ಹೆಸರಿಟ್ಟಿದ್ದು ಪಾದ್ರಿಗಳು ಮೇಡಂ. ಊರವರ ಬಾಯಿಗೆ ಬಿದ್ದು ಚೌರಪ್ಪ ಆದೆ” ಎಂದು ಮೊದಲ ದಿನವೇ ಹೇಳಿದ್ದರು. ಮಲ್ಲತ್ತಹಳ್ಳಿ ಕಡೆ ಮುಚ್ಚಿಹೋದ ಹೋಟೆಲೊಂದರಿಂದ ಒಂದು ಗ್ಯಾಸ್ ಗ್ರಿಲ್ ತಂದು ತಾರಸಿಯ ಸಾಮಾನಿನ ಕೋಣೆಯಲ್ಲಿಟ್ಟುಕೊಂಡಿದ್ದರು. ಮೂರು ಬರ್ನರಿನ, ಗಾಲಿಯಿರುವ, ದೊಡ್ಡ ಮುಚ್ಚಳದ ಗ್ರಿಲ್ಲು. ಒಂದು ನಾಬ್ ಮುರಿದಿತ್ತು, ಅದನ್ನು ಇಕ್ಕಳ ಹಾಕಿ ತಿರುಗಿಸಬೇಕು. ಮರಿಯಮ್ಮ ಛೇಡಿಸುತ್ತಿದ್ದರು: “ಬಸ್ಸು ಬಿಟ್ಮೇಲೆ ಇವರಿಗೆ ಇದೇ ಗಾಡಿ. ದಿನಾ ಒರೆಸ್ತಾರೆ, ಪಾತ್ರೆ ತೊಳಿ ಅಂದ್ರೆ ಮಾತ್ರ ಸೊಂಟ ನೋವು.”

ಜುಲೈಯ ಒಂದು ಭಾನುವಾರ, ಮಳೆ ಬಿಟ್ಟ ಹೊತ್ತಿನಲ್ಲಿ, ಅದನ್ನು ಬಯಲಿಗೆ ತಳ್ಳಿಕೊಂಡು ಬಂದು ಇಡೀ ಕೋಳಿ ಬೇಯಿಸಿದರು. ನಾನು ಕುರ್ಚಿ ಹಾಕಿಕೊಂಡು ನೋಡುತ್ತ ಕುಳಿತಿದ್ದೆ. “ಮಾಂಸದ ಕೆಳಗೆ ಉರಿ ಇರಬಾರದು ಮೇಡಂ. ಎರಡೂ ಪಕ್ಕ ಇರಬೇಕು. ನಡುವಿಂದು ಆರಿಸಿ, ಮುಚ್ಚಳ ಹಾಕಿ, ಸುಮ್ನೆ ಕೂತ್ಕೋಬೇಕು. ಗಳಿಗೆಗೊಂದು ಸಲ ತೆಗೆದು ನೋಡೋರಿಗೆ ಇದು ಬೇಯಲ್ಲ.” ನಾನು ತಿನ್ನುವವಳಲ್ಲವೆಂದು ಅವರಿಗೆ ಗೊತ್ತಿತ್ತು. ನನಗೆಂದೇ ಮರಿಯಮ್ಮ ಒಂದು ಪಾತ್ರೆ, ಒಂದು ಸೌಟು ಬೇರೆಯಿಟ್ಟು ಅದರಲ್ಲಿ ಸೊಪ್ಪಿನ ಸಾರು ಮಾಡಿ ಮೇಲೆ ಕಳಿಸುತ್ತಿದ್ದರು. ನಾನು ಕೇಳಿರಲಿಲ್ಲ, ಅವರೇ ಮಾಡಿದ್ದು. ಆ ಮನೆಯಲ್ಲಿ ಒಬ್ಬರ ನಾಲಿಗೆಗೆ ಇನ್ನೊಬ್ಬರು ಜಾಗ ಕೊಡುವುದು ಅಷ್ಟು ಸುಲಭವಾಗಿ ನಡೆಯುತ್ತಿತ್ತು ಎಂದುಕೊಂಡಿದ್ದೆ.

ಆಗಸ್ಟ್ ಹದಿನೈದು ಬಂತು. ಬೀದಿಗೆ ಅದು ಧ್ವಜಾರೋಹಣ, ಗಂಗಮ್ಮನವರಿಗೆ ಶ್ರಾವಣ, ಚೌರಪ್ಪನವರ ಮನೆಗೆ ಮಾತೆ ಮರಿಯಮ್ಮನವರ ಹಬ್ಬ, ಅಂದರೆ ಹೆಂಡತಿಯ ಹೆಸರಿನ ಹಬ್ಬ. ಅವತ್ತು ರೋಸ್ಟ್ ಆಗಲೇಬೇಕು. ಬೆಳಿಗ್ಗೆ ನಾನು ರೂಮಿನ ಬಾಗಿಲು ತೆರೆದಿಟ್ಟು, ಹೊಸ್ತಿಲ ಬಳಿ ಕೂತು ಕಿರುಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಚೌರಪ್ಪ ಅಗಲವಾದ ತಟ್ಟೆಯನ್ನು ಬಾಳೆಲೆ ಮುಚ್ಚಿ ಹೊತ್ತು ತಂದರು. ಮೆಣಸು, ಬೆಳ್ಳುಳ್ಳಿ, ವಿನೆಗರಿನ ವಾಸನೆ ಬಂತು. ತಟ್ಟೆಯೊಂದಿಗೆ ಸೀದಾ ಸಾಮಾನಿನ ಕೋಣೆಯೊಳಕ್ಕೆ ಹೋದರು.

“ಹೊರಗೆ ಮಾಡಲ್ವಾ ಅಂಕಲ್?”

“ಮಳೆ ಬರೋ ಹಂಗಿದೆ ಮೇಡಂ.”

“ಒಳಗೆ ಸೆಖೆ ಆಗಲ್ವಾ?”

“ಬಸ್ ಇಂಜಿನ್ ಪಕ್ಕ ಕೂತು ಆಯಸ್ಸು ಕಳೆದೋನು ನಾನು. ಇದ್ಯಾವ ಸೆಖೆ!”

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಲ್ಲಿ ಒದ್ದೆ ಗೋಣಿಚೀಲದ ಅಂಚು ಕಾಣಿಸಿಕೊಂಡಿತು. ನೀರು ಒಳಗೆ ನುಗ್ಗದಿರಲಿ ಎಂದಿರಬೇಕು ಅಂದುಕೊಂಡೆ. ಮರಿಯಮ್ಮ ಕೆಂಡ ತುಂಬಿದ ಧೂಪದ ಬಟ್ಟಲು ತಂದು, ಕೋಣೆಯ ಬಾಗಿಲಿನ ಪಕ್ಕ ತಗಡಿನ ಮರೆಯಲ್ಲಿಟ್ಟು, ಸಾಂಬ್ರಾಣಿ ಹಾಕಿದರು. ಹೊಗೆ ದಟ್ಟವಾಗಿ ಎದ್ದಿತು. “ಹಬ್ಬ ಅಲ್ವಾ” ಎಂದು ನಕ್ಕು, ಅನ್ನ ಇಳಿಸಬೇಕೆಂದು ಕೆಳಗೆ ಹೋದರು. ಒಳಗಿನಿಂದ ಚೌರಪ್ಪನವರ ಗುನುಗು ಕೇಳುತ್ತಿತ್ತು. ಅವರು ಒಲೆ ಮುಂದೆ ಕೂತಾಗಲೆಲ್ಲ ಏನಾದರೂ ಗುನುಗುತ್ತಿದ್ದರು.

ಬೀದಿಯಲ್ಲಿ ಭಾಷಣ ಮುಗಿದು ಚಪ್ಪಾಳೆಯಾಯಿತು. ಮಳೆ ಹನಿಯತೊಡಗಿತು. ಪೇಪರಿನ ಕಟ್ಟು ಅರ್ಧಕ್ಕೆ ಬಂದಾಗ ಗುನುಗು ನಿಂತಿದೆ ಅನಿಸಿತು. ಯಾವಾಗ ನಿಂತಿತೋ ತಿಳಿಯಲಿಲ್ಲ.

ಆಗ ಮೆಟ್ಟಿಲಲ್ಲಿ ಸದ್ದಾಯಿತು. ಬಂದವರು ಪಕ್ಕದ ಮನೆಯ ಮೂರ್ತಿಯವರು. ನಿವೃತ್ತ ಅಧಿಕಾರಿ, ನಮ್ಮ ಅಡ್ಡರಸ್ತೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಸಂಘದ ಪ್ಲಾಸ್ಟಿಕ್ ಕುರ್ಚಿಗಳಿಗೆ ಜಾಗವಿದ್ದುದು ಅದೇ ಸಾಮಾನಿನ ಕೋಣೆಯಲ್ಲಿ. ಬೇರೆ ವರ್ಷ ಕುರ್ಚಿಗಳು ಸಂಜೆಯವರೆಗೂ ಬೀದಿಯಲ್ಲೇ ಇರುತ್ತಿದ್ದವಂತೆ. ಅವತ್ತು ಮಳೆಗೆ ನೆನೆಯುತ್ತವೆಂದು ಎರಡೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಿದ್ದರು. ಬಿಳಿ ಅಂಗಿಯ ಜೇಬಿನ ಮೇಲೆ ಇನ್ನೂ ಪುಟ್ಟ ಧ್ವಜವಿತ್ತು.

“ಏನ್ ಮೇಡಂ, ಇವತ್ತೂ ಪೇಪರ್ರಾ?” ಎನ್ನುತ್ತಲೇ ಕುರ್ಚಿ ಇಳಿಸಿ ಬಾಗಿಲು ತಳ್ಳಿದರು. ಅದು ಒಂದು ಗೇಣು ಸರಿದು, ಏನಕ್ಕೋ ತಾಗಿ ನಿಂತಿತು. ಒಳಗೆ ಕತ್ತಲೆ. “ಯಾರಪ್ಪ ಇದು, ಏನು ತುಂಬಿದಾರೆ?” ಎಂದು ಅವರ ಬಲಗೈ ಹೊರಗೋಡೆಯ ಮೇಲಿದ್ದ ಸ್ವಿಚ್ಚಿನ ಕಡೆ ಹೋಯಿತು.

ಅದೇ ಹೊತ್ತಿಗೆ ನನ್ನ ಮೂಗಿಗೆ ವಾಸನೆ ಬಡಿಯಿತು. ಸಾಂಬ್ರಾಣಿಯಲ್ಲ, ಮಾಂಸದ್ದಲ್ಲ. ಗ್ಯಾಸು.

ಮುಂದಿನದನ್ನು ನಾನು ನಿಧಾನವಾಗಿಯೇ ನೋಡುವುದು, ಈಗಲೂ. ಅವರ ಉಂಗುರದ ಹಸಿರು ಕಲ್ಲು. ಸ್ವಿಚ್ಚಿನ ಮೇಲೆ ಕೂತ ತೋರುಬೆರಳು. ಪೇಪರುಗಳು ನನ್ನ ಮಡಿಲಿಂದ ಜಾರಿ ಒದ್ದೆ ನೆಲಕ್ಕೆ ಹರಡುವುದು. “ಲೈಟ್ ಹಾಕ್ಬೇಡಿ!” ಎಂದು ಯಾರೋ ಕಿರುಚಿದರು, ಅದು ನಾನೇ. ಓಡಿಹೋಗಿ ಅಷ್ಟು ಹಿರಿಯರ ಕೈಗೆ ಬಲವಾಗಿ ಹೊಡೆದೆ. ಅವರು ತಿರುಗಿ ನೋಡಿದ ನೋಟದಲ್ಲಿ ಅವಮಾನವಿತ್ತು, ಆಮೇಲೆ ಅವರಿಗೂ ವಾಸನೆ ಬಂತು. ಆಗ ಕಾಲ ಬಳಿ ಧೂಪದ ಬಟ್ಟಲು ಕಂಡಿತು. ಕೆಂಡ ಕೆಂಪಗೆ ಉಸಿರಾಡುತ್ತಿತ್ತು. ತೆರೆದ ಬಾಗಿಲಿಂದ ಗ್ಯಾಸು ಹರಿಯುವುದು ನೆಲದ ಮೇಲೇ, ಸೀದಾ ಅದರ ಕಡೆಗೇ. ಸೂರಿನ ನೀರಿಗೆ ಇಟ್ಟಿದ್ದ ಬಕೆಟ್ಟನ್ನು ಎತ್ತಿ ಬಟ್ಟಲ ಮೇಲೆ ಸುರಿದೆ. ಅದು ಬುಸ್ಸೆಂದ ಸದ್ದಿಗೆ ನಾನು ಸತ್ತೇ ಹೋದೆ ಅಂದುಕೊಂಡೆ.

ಬಾಗಿಲಿಗೆ ತಾಗಿದ್ದುದು ಚೌರಪ್ಪನವರ ಭುಜ. ಮೂರ್ತಿಯವರು ಮೈಯೆಲ್ಲ ಬಲಹಾಕಿ ತಳ್ಳಿ, ಕಂಕುಳಿಗೆ ಕೈಹಾಕಿ ಅವರನ್ನು ಮಳೆಗೆ ಎಳೆದು ತಂದರು. ನಾನು ಉಸಿರು ಬಿಗಿಹಿಡಿದು ಒಳಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದೆ. ಗಾಳಿಕಿಂಡಿಗೆ ಪೇಪರು ಉಂಡೆ ಮಾಡಿ ತುರುಕಿದ್ದು ಆಗ ಕಂಡಿತು. ಮುಚ್ಚಿದ ಕೋಣೆಯಲ್ಲಿ ಉರಿಯೇ ಗಾಳಿಯನ್ನು ತಿಂದುಹಾಕಿತ್ತು ಎಂದು ಆಮೇಲೆ ಡಾಕ್ಟರು ವಿವರಿಸಿದರು. ಮೊದಲು ಮನುಷ್ಯನ ಪ್ರಜ್ಞೆ ಹೋಗಿದೆ, ಆಮೇಲೆ ಉರಿಯೂ ಆರಿದೆ, ಗ್ಯಾಸು ಮಾತ್ರ ಬರುತ್ತಲೇ ಇತ್ತು.

ಚೌರಪ್ಪನವರಿಗೆ ಉಸಿರಿತ್ತು. ಮೂರ್ತಿಯವರು ಓಡಿಹೋಗಿ ತಮ್ಮ ಕಾರು ತಂದರು. ಧ್ವಜಾರೋಹಣಕ್ಕೆ ಬಂದವರೆಲ್ಲ ಗೇಟಿನ ಮುಂದೆ ಸೇರಿದ್ದರು. ಹಿಂದಿನ ಸೀಟಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ ಮರಿಯಮ್ಮನನ್ನು ಎದುರು ಮನೆಯ ಹೆಂಗಸು ಕಿಟಕಿಗೆ ಬಗ್ಗಿ ಕೇಳಿದರು: “ಏನಾಯ್ತು ಮರಿಯಮ್ಮ? ಒಳಗೆ ಏನು ಮಾಡ್ತಿದ್ರು? ಮಟನ್ನಾ?”

ಯಾರು ಕೇಳಿದರೂ ಮರಿಯಮ್ಮ ಮಟನ್ ಎಂದೇ ಹೇಳುತ್ತಿದ್ದುದು. ನನಗೂ ಹಾಗೇ ಹೇಳಿದ್ದರು. ಅವತ್ತು ತಲೆಯೆತ್ತಿ, “ಅಲ್ಲ. ಬೀಫು” ಎಂದರು.

ಬಗ್ಗಿದ್ದ ಹೆಂಗಸು ಕಿಟಕಿಯಿಂದ ಹಿಂದಕ್ಕೆ ಸರಿದರು. ನನ್ನೊಳಗೂ ಏನೋ ಒಂದು ಹೆಜ್ಜೆ ಹಿಂದೆ ಸರಿಯಿತು. ಹರಿಹರದ ನಮ್ಮ ಮನೆಯಲ್ಲಿ ಆ ಪದವನ್ನೇ ಆಡುತ್ತಿರಲಿಲ್ಲ. ನನ್ನ ಪಕ್ಕ ಸ್ಟಿಯರಿಂಗ್ ಹಿಡಿದು ಕೂತಿದ್ದ ಮೂರ್ತಿಯವರು ಕನ್ನಡಿಯಲ್ಲಿ ಒಂದು ಸಲ ಹಿಂದೆ ನೋಡಿದರು. ಆಮೇಲೆ ಗೇರ್ ಹಾಕಿದರು. ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತ ಓಡಿಸಿದರು. ಅದನ್ನೂ ಹೇಳಲೇಬೇಕು.

ಆಸ್ಪತ್ರೆಯಲ್ಲಿ ಚೌರಪ್ಪನವರಿಗೆ ಆಮ್ಲಜನಕ ಹಾಕಿದ್ದರು. ಇನ್ನು ಭಯವಿಲ್ಲ ಎಂದ ಮೇಲೆ ನಾನೂ ಮರಿಯಮ್ಮನೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. “ಹೊರಗಡೆ ಮಾಡಿದ್ರೆ ಏನಾಗ್ತಿತ್ತು ಆಂಟಿ? ಹನಿ ಮಳೆಗೆ ಯಾಕಷ್ಟು ಹೆದರಿದ್ರು?” ಎಂದೆ.

ಮರಿಯಮ್ಮ ನನ್ನ ಮುಖ ನೋಡದೆ ಹೇಳಿದರು. “ಮಳೆಗಲ್ಲ ಮೇಡಂ. ಪ್ರತಿ ವರ್ಷ ಬಯಲಲ್ಲೇ ಮಾಡೋರು. ಈ ಸಲ ಗಂಗಮ್ಮ ಕರೆದು, ‘ಮ್ಯಾಲೆ ಲಿಂಗಾಯತರ ಹುಡುಗಿ ಅವ್ಳೆ, ಆ ವಾಸ್ನೆ ಅವ್ಳಿಗೆ ಆಗಕಿಲ್ಲ. ಗೊತ್ತಾದ್ರೆ ದೊಡ್ಡ ರಂಪ ಆಯ್ತದೆ, ನಿಮ್ಮನ್ನ ಇಟ್ಕೊಳ್ಳಕ್ಕಾಗಕಿಲ್ಲ’ ಅಂದ್ರು.”

“ಗಂಗಮ್ಮನವರಿಗೆ ಮೊದಲಿಂದಾನೂ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಅವರು ಗೊತ್ತಿಲ್ಲದ ಹಂಗೆ ಇದ್ರು, ನಾವು ಮಾಡದ ಹಂಗೆ ಇದ್ವಿ. ನಡೀತಿತ್ತು.”

ಆ ಬೆಂಚಿನ ಮೇಲೆ ನನಗೆ ಸಿಟ್ಟು ಶುರುವಾಯಿತು. ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಆಗದೆಂದು ನನ್ನ ಪರವಾಗಿ ಬೇರೆಯವರೇ ತೀರ್ಮಾನಿಸಿ, ನನ್ನ ಮೂಗನ್ನು ಒಂದು ಸಂಸಾರದ ಮೇಲೆ ಕಾವಲಿಗೆ ನಿಲ್ಲಿಸಿದ್ದರು. ಆ ಕಾವಲಿಗೆ ಅಂಜಿ ಒಬ್ಬ ಮನುಷ್ಯ ಗೋಣಿಚೀಲ ತುರುಕಿಕೊಂಡು ಕುಳಿತಿದ್ದ. ನಾನೋ ಹತ್ತು ಹೆಜ್ಜೆ ದೂರದಲ್ಲಿ, ಬೇಡಿಕೆ ಪೂರೈಕೆಯ ಉತ್ತರಗಳಿಗೆ ಅಂಕ ಹಾಕುತ್ತಿದ್ದೆ.

ಚೌರಪ್ಪ ಮನೆಗೆ ಬಂದ ಮೇಲಿನ ಭಾನುವಾರ ಗಂಗಮ್ಮ ತಮ್ಮ ಜಗುಲಿಗೆ ಗಂಡಹೆಂಡತಿಯನ್ನೂ ಮೂರ್ತಿಯವರನ್ನೂ ಕರೆದರು. ವಿಷಯ ಎಲ್ಲರಿಗೂ ಗೊತ್ತಿತ್ತು: ತಿಂಗಳ ಕೊನೆಗೆ ಮನೆ ಖಾಲಿ. ನನ್ನನ್ನು ಕರೆದಿರಲಿಲ್ಲ, ನಾನೇ ಇಳಿದುಹೋಗಿ ಮರಿಯಮ್ಮನ ಪಕ್ಕ ಕುಳಿತೆ. ಚೌರಪ್ಪ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು, ಸೊರಗಿಹೋಗಿದ್ದರು. ಮೂರ್ತಿಯವರು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು.

“ನಂಗೇನಿಲ್ಲ ಕಣವ್ವ ಮರಿ” ಎಂದು ಗಂಗಮ್ಮ ಶುರುಮಾಡಿದರು. “ಇಷ್ಟು ವರ್ಷ ಅಕ್ಕತಂಗೇರಂಗೆ ಇದ್ದೀವಿ. ಆದ್ರೆ ಬೀದಿಗೆಲ್ಲ ಗೊತ್ತಾಗೋಯ್ತು. ಮೂರ್ತಿಯೋರು ಸಂಘದ ಕಡೆಯಿಂದ…”

“ನನಗೂ ಪರ್ಸನಲ್ ಆಗಿ ಏನೂ ಇಲ್ಲಮ್ಮ” ಎಂದರು ಮೂರ್ತಿ. “ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ ತಾನೆ? ಜೀವ ಬೇರೆ, ಬೀದಿ ನಡವಳಿಕೆ ಬೇರೆ. ಜನರ ಭಾವನೆ ಅಂತ ಇರುತ್ತೆ. ಅಲ್ಲದೆ ಕಾನೂನು ಬೇರೆ ಇದೆ.”

“ಎಮ್ಮೆದು ಸಾರ್” ಎಂದರು ಚೌರಪ್ಪ, ಇನ್ನೂ ಸೋತ ದನಿಯಲ್ಲಿ. “ಶಿವಾಜಿನಗರದಲ್ಲಿ ಲೈಸೆನ್ಸ್ ಇರೋ ಅಂಗಡೀಲಿ ತಂದಿದ್ದು. ಬೇಕಾದ್ರೆ ಮುಂದಿನ ಸಲ ನೀವೇ ಬನ್ನಿ, ತೋರಿಸ್ತೀನಿ.”

“ಮುಂದಿನ ಸಲ!” ಗಂಗಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. “ಇನ್ನೂ ಬುದ್ಧಿ ಬರಲಿಲ್ವಲ್ಲೋ ನಿಂಗೆ. ಪಾಪ, ಈ ಮೇಡಮ್ನ ನೋಡು. ಲಿಂಗಾಯತರ ಮಗು, ಎಷ್ಟು ಸಂಕಟ ಪಟ್ಕೊಂಡೈತೋ.”

“ಪಟ್ಕೊಂಡೆ” ಎಂದೆ. ಎಲ್ಲರೂ ನನ್ನತ್ತ ತಿರುಗಿದರು. “ಗ್ಯಾಸಿನ ವಾಸನೆಗೆ ಪಟ್ಕೊಂಡೆ. ಮಾಂಸದ ವಾಸನೆ ನನಗೆ ತೊಂದರೆ ಅಂತ ನಾನು ನಿಮಗೆ ಯಾವತ್ತು ಹೇಳಿದ್ದೆ ಗಂಗಮ್ಮನವರೇ? ನಾನು ತಿನ್ನಲ್ಲ, ಅಷ್ಟೇ. ಇವರು ತಿನ್ನಬಾರದು ಅಂತ ಎಲ್ಲಿ ಹೇಳಿದೆ? ನಿಮ್ಮ ಅಕ್ಕಪಕ್ಕದೋರಲ್ಲಿ ನನ್ನ ಹೆಸರು ಇನ್ಮೇಲೆ ಸೇರಿಸ್ಬೇಡಿ.”

ಗಂಗಮ್ಮ ಸೆರಗು ಸರಿಮಾಡಿಕೊಂಡರು. ಮೂರ್ತಿಯವರು ಕೆಮ್ಮಿದರು. “ಮೇಡಂ, ನೀವು ನನ್ನ ಜೀವ ಉಳಿಸಿದೋರು. ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ನೀವಿನ್ನೂ ಚಿಕ್ಕೋರು…”

ಅಷ್ಟರಲ್ಲಿ ಮರಿಯಮ್ಮ ಎದ್ದುನಿಂತರು. ದನಿ ಎತ್ತರಿಸಲಿಲ್ಲ. “ಒಂದು ಮಾತು ಸಾರ್. ನಾವು ಇಷ್ಟು ವರ್ಷ ಮಟನ್ ಅಂತ ಹೇಳಿ ಮುಚ್ಚಿಟ್ಕೊಂಡು ತಿಂದಿದ್ದು ನಾಚಿಕೆಗಲ್ಲ, ನಿಮ್ಮ ಮರ್ಯಾದೆಗೆ. ಆ ಮುಚ್ಚೋ ಕೆಲಸದಲ್ಲೇ ನನ್ನ ಗಂಡ ಸಾಯ್ತಿದ್ದ, ನೀವೂ ಸಾಯ್ತಿದ್ರಿ. ಇನ್ನು ನಾನು ಮುಚ್ಚಲ್ಲ. ಮಾಡಿದ್ರೆ ಬಯಲಲ್ಲೇ ಮಾಡೋದು. ಖಾಲಿ ಮಾಡಿಸ್ತೀರಾ, ಮಾಡಿಸಿ. ಆದ್ರೆ ಬೀದಿ ಅನ್ಬೇಡಿ, ಸಂಘ ಅನ್ಬೇಡಿ, ಅಕ್ಕಪಕ್ಕ ಅನ್ಬೇಡಿ. ಇಲ್ಲಿರೋರಲ್ಲಿ ಯಾರಿಗೆ ಆಗಲ್ವೋ ಅವರು ನನ್ನ ಮುಖ ನೋಡಿ ‘ನಂಗೆ ಆಗಲ್ಲ’ ಅನ್ನಿ. ಒಬ್ಬರು ಅಂದ್ರೂ ಸಾಕು. ನಾಳೆನೇ ಸಾಮಾನು ಕಟ್ತೀನಿ.”

ಚೌರಪ್ಪ ಹೆಂಡತಿಯ ಸೀರೆಯ ಅಂಚು ಜಗ್ಗಿದರು. ಅವರು ಕೂರಲಿಲ್ಲ.

ಯಾರಾದರೂ ಒಬ್ಬರು ಹೇಳಿಬಿಡುತ್ತಾರೆ ಎಂದುಕೊಂಡೆ. ಹೇಳುವುದು ಎಷ್ಟು ಸುಲಭವಿತ್ತು, ಎರಡೇ ಪದ. ಗಂಗಮ್ಮ ಮೂರ್ತಿಯವರನ್ನು ನೋಡಿದರು. ಮೂರ್ತಿಯವರು ಗಂಗಮ್ಮನವರನ್ನು ನೋಡಿದರು, ಆಮೇಲೆ ತಮ್ಮ ಉಂಗುರವನ್ನು ನೋಡಿಕೊಂಡರು. ಮರಿಯಮ್ಮ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತೇ ಇದ್ದರು.

ಕೊನೆಗೆ ಗಂಗಮ್ಮ ಮೊಣಕಾಲಿಗೆ ಕೈಯೂರಿ ಎದ್ದರು. “ಹಾಲು ಉಕ್ಕೀತು, ನೋಡ್ತೀನಿ” ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಐದು ಲೋಟ ಕಾಫಿ ತಂದರು. ಮರಿಯಮ್ಮನ ಲೋಟವನ್ನು ಅವರ ಕೈಗೇ ಕೊಟ್ಟರು. ಖಾಲಿ ಮಾಡುವ ಮಾತನ್ನು ಅವತ್ತು ಯಾರೂ ಮತ್ತೆ ಎತ್ತಲಿಲ್ಲ, ತಿಂಗಳ ಕೊನೆಗೂ ಎತ್ತಲಿಲ್ಲ. ಗಂಗಮ್ಮನ ಮನಸ್ಸು ಬದಲಾಯಿತೆಂದು ನಾನು ಹೇಳುತ್ತಿಲ್ಲ. ತಮ್ಮದೇ ಬಾಯಲ್ಲಿ ಹೇಳಬೇಕಾಗಿ ಬಂದಾಗ ಅವರಿಂದ ಆಗಲಿಲ್ಲ, ಅಷ್ಟೇ. ಆ ಮನೆಯಲ್ಲಿ ಮರಿಯಮ್ಮನಿಗೆ ಬೇಕಾಗಿದ್ದುದೂ ಅಷ್ಟೇ.

ಸೆಪ್ಟೆಂಬರ್ ಕಳೆದು, ಮಳೆ ಹಿಂದೆ ಸರಿದು ಬಿಸಿಲು ಕಂಡ ಮೊದಲ ಭಾನುವಾರ ಚೌರಪ್ಪ ಗ್ರಿಲ್ಲನ್ನು ತಾರಸಿಯ ನಟ್ಟನಡುವೆ ತಂದು ನಿಲ್ಲಿಸಿದರು. ಹಬ್ಬವೂ ಇರಲಿಲ್ಲ, ಏನೂ ಇರಲಿಲ್ಲ. ದಾರ ಸುತ್ತಿ ಬಿಗಿದ ಮಾಂಸದ ತುಂಡು ತಟ್ಟೆಯಲ್ಲಿ ಮುಚ್ಚದೆ ಇತ್ತು. ಧೂಪ ಹಾಕಲಿಲ್ಲ. ಗ್ಯಾಸ್ ತಿರುಗಿಸುವಾಗ ರೂಮಿನೊಳಗೆ ಹೋಗಿಬಿಡೋಣವೆನಿಸಿತು, ಹೋಗಲಿಲ್ಲ. ಕುರ್ಚಿಯನ್ನು ಇನ್ನೂ ಒಂದಿಷ್ಟು ಹತ್ತಿರಕ್ಕೇ ಎಳೆದುಕೊಂಡೆ. ಎರಡು ಪಕ್ಕ ನೀಲಿ ಉರಿ ಹತ್ತಿತು, ನಡುವಿನದು ಹಾಗೇ ಇತ್ತು. ಅರ್ಧ ಗಂಟೆಯೊಳಗೆ ಮೆಣಸು, ಕೊಬ್ಬು, ಸುಟ್ಟ ಬೆಳ್ಳುಳ್ಳಿಯ ವಾಸನೆ ಗೋಡೆ ದಾಟಿ ಹೋಗತೊಡಗಿತು. ಅದು ನನಗೆ ಹಿತವಾಗಿತ್ತೆಂದು ಸುಳ್ಳು ಹೇಳುವುದಿಲ್ಲ. ಹಿತವಾಗಬೇಕಾದ ಅಗತ್ಯವೂ ಇರಲಿಲ್ಲ.

ಪಕ್ಕದ ತಾರಸಿಯಲ್ಲಿ ಮೂರ್ತಿಯವರು ತುಳಸಿಗೆ ನೀರು ಹಾಕಲು ಬಂದರು. ಗ್ರಿಲ್ಲನ್ನು ನೋಡಿದರು, ಮರಿಯಮ್ಮನನ್ನು ನೋಡಿದರು. ಗಂಡಹೆಂಡತಿ ಇಬ್ಬರನ್ನೂ ಬಿಟ್ಟು ಗೋಡೆಯ ಹತ್ತಿರ ಬಂದು ನನ್ನೊಬ್ಬಳಿಗೇ ಕೇಳುವ ಹಾಗೆ, ಮೆತ್ತಗೆ ಕೇಳಿದರು.

“ನಿಮಗೆ ತೊಂದರೆ ಆಗ್ತಿಲ್ವಾ ಮೇಡಂ?”

ನಾನು ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿಯೇ ಹೇಳಿದೆ.

“ಬಾಗಿಲು ಹಾಕಿದ್ದಾಗ ಆಗಿತ್ತು ಸಾರ್. ಈಗಿಲ್ಲ.”